ಅವ್ವನ ಜತೆ ಹರಿಹರಕ್ಕೆ, ರೈಲಿನಲ್ಲಿ

ದಾವಣಗೆರೆಯಿಂದ ಹರಿಹರಕ್ಕೆ ರೈಲಿನಲ್ಲಿ ಹೋಗಿಬರ್ತೀನಿ ಅಂದಾಗ ಗೆಳೆಯರು ನಕ್ಕರು. ಇರುವುದೇ ಸುಮಾರು 14 ಕಿ.ಮೀ. ಸೀಟು ಸಿಕ್ಕಿ ಕೂರುವಷ್ಟರಲ್ಲಿ ಅಮರಾವತಿ ಕಾಲೊನಿ ದಾಟಿ ಇಳಿಯುವ ಊರೇ ಬಂದುಬಿಡುತ್ತದೆ. ಆದರೆ ನಮ್ಮವ್ವನಿಗೆ ಬಸ್ಸು ಅಂದರೆ ಹೊಟ್ಟೆ ತೊಳಸುತ್ತದೆ. ಅದಕ್ಕೇ ರೈಲು.

ಅವ್ವನದು ಮೊದಲು ಆರೋಗ್ಯ ಮಾತೆಯ ಚರ್ಚು. ಚಿಕ್ಕಂದಿನಲ್ಲಿ ನನಗೆ ಜ್ವರ ಬಿಡದಿದ್ದಾಗ ಹೊತ್ತ ಹರಕೆಯಂತೆ, ನನಗೀಗ ನಲವತ್ತೆರಡು! ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿಯವರೂ ಬರುವ ಜಾಗ ಅದು. ಈಗ ಬೆಸಿಲಿಕಾ, ಕ್ಯಾಥೆಡ್ರಲ್ ಅಲ್ಲ. ಕ್ಯಾಥೆಡ್ರಲ್ ಅಂದರೆ ಬಿಷಪ್ಪರ ಪೀಠವಿರುವ ಚರ್ಚು, ಈ ಭಾಗಕ್ಕೆ ಅದು ಶಿವಮೊಗ್ಗದಲ್ಲಿದೆ. ಬೆಸಿಲಿಕಾ ಅನ್ನುವುದು ಪೋಪ್ ಕೊಡುವ ಗೌರವ. ಅವ್ವನಿಗೆ ಇದೆಲ್ಲ ಬೇಕಿರಲಿಲ್ಲ. ಮೇಣದಬತ್ತಿ ಹಚ್ಚಿ ಕೂತವಳು ಏಳಲೇ ಇಲ್ಲ.

ಹಾಗಾಗಿ ಹರಿಹರೇಶ್ವರ ಗುಡಿ ಮುಟ್ಟುವಾಗ ಮಧ್ಯಾಹ್ನ ಒಂದು ದಾಟಿತ್ತು, ಗರ್ಭಗುಡಿಯ ಬಾಗಿಲು ಹಾಕಿತ್ತು. ತಪ್ಪು ನನ್ನದೇ. ನೀವು ಹೋದರೆ ಗುಡಿಯನ್ನು ಬೆಳಿಗ್ಗೆಯೇ ಮುಗಿಸಿ.

ಬಾಗಿಲು ಹಾಕಿದ್ದೇ ಒಳ್ಳೆಯದಾಯಿತೇನೋ. ದರ್ಶನವಾಗಿದ್ದರೆ ಕುಂಕುಮ ಹಚ್ಚಿಕೊಂಡು ಹತ್ತು ನಿಮಿಷಕ್ಕೆ ಹೊರಗೆ ಬರುತ್ತಿದ್ದೆವು. ಈಗ ಮಂಟಪದ ಕಕ್ಷಾಸನಕ್ಕೆ, ಅಂದರೆ ಅಂಚಿನ ಒರಗುಗಲ್ಲಿನ ಜಗಲಿಗೆ, ಒರಗಿ ಕೂತೆವು, ಹೊರಗೆ ಉರಿಬಿಸಿಲು, ಬೆನ್ನಿಗೆ ಮಾತ್ರ ತಣ್ಣನೆಯ ಕಲ್ಲು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಇದು. ಹೊಯ್ಸಳರದು ಅಂತ ಬೇಲೂರಿನ ಗೋಡೆ ನೆನೆಸಿಕೊಂಡು ಬಂದವರಿಗೆ ನಿರಾಸೆಯೇ, ಹೊರಗೋಡೆ ಬಹಳ ಸಾದಾ. ಇಲ್ಲಿ ನೋಡಬೇಕಾದದ್ದು ಕಂಬ. ತಿರುಗಣಿಗೆ ಕೊಟ್ಟು ಕಡೆದವು, ಬಳೆ ಪೇರಿಸಿದ ಹಾಗೆ ಒಂದರ ಮೇಲೊಂದು ಸುತ್ತು.

ಅಂಗಳದ ಶಾಸನದ ಕಲ್ಲುಗಳ ಮುಂದೆ ಅವ್ವ ನಿಂತಳು. "ಇದು ಕನ್ನಡಾನಾ?" ಹೌದು ಅಂದೆ. ಬೆರಳಿಟ್ಟು ಹುಡುಕಿ ಹುಡುಕಿ ಒಂದು 'ರ' ಹಿಡಿದಳು. ಅದು 'ರ'ವೇ ಹೌದೋ ಅಲ್ಲವೋ, ನಾನು ತಿದ್ದಲು ಹೋಗಲಿಲ್ಲ. (ಈ ಶಾಸನಗಳನ್ನು ಓದಬೇಕೆನ್ನುವವರು ಶಾಸನಗಳನ್ನು ಒಟ್ಟುಮಾಡಿ ಅಚ್ಚಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಚಿತ್ರದುರ್ಗದ ಸಂಪುಟ, ಅಂದರೆ 11ನೆಯದು, ನೋಡಬೇಕು. 1997ರವರೆಗೆ ನಾವೆಲ್ಲ ಆ ಜಿಲ್ಲೆಯವರೇ ತಾನೆ.)

ಸಂಜೆ ಬಾಗಿಲು ತೆರೆಯಿತು. ಬಲಕ್ಕೆ ಹರ, ಎಡಕ್ಕೆ ಹರಿ, ಒಂದೇ ಮೈ. ಹರಿಯೊಬ್ಬನಿಂದಲೂ ಹರನೊಬ್ಬನಿಂದಲೂ ಸಾಯದ ವರ ಪಡೆದಿದ್ದ ಗುಹಾಸುರನಿಗಾಗಿ ತಾಳಿದ ರೂಪ ಎಂದು ಸ್ಥಳಪುರಾಣ. "ಹರಿಹರ ಬ್ರಹ್ಮಾದಿಗಳು ಬಂದ್ರೂ ಹಾಸಿಗಿ ಬಿಟ್ಟು ಏಳ್ತಿರ್ಲಿಲ್ಲ ನೀನು," ಅಂತ ಅವ್ವ ಅಲ್ಲೇ ಕುಟುಕಿದಳು.

ತುಂಗಭದ್ರೆಯಲ್ಲಿ ಕಾಲು ತೊಳೆದು ಸ್ಟೇಷನ್ನಿಗೆ ಬಂದರೆ ರೈಲು ಆಗತಾನೇ ಹೊರಟಿತ್ತು. ವಾಪಸಿನ ಹೊತ್ತನ್ನು ನಾನು ನೋಡಿಕೊಂಡೇ ಇರಲಿಲ್ಲ. ಕೊನೆಗೆ ಬಸ್ಸೇ ಗತಿ. ದಾವಣಗೆರೆ ಬರುವ ತನಕ ಅವ್ವ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಾ ಕೂತಿದ್ದಳು, ನನ್ನ ಜತೆ ಮಾತಿಲ್ಲ.