ಹಿಮಕರಡಿಗಳ ಊರು ಚರ್ಚಿಲ್‌ಗೆ ಹೊರಡುವ ಮುನ್ನ

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ಹಡ್ಸನ್ ಕೊಲ್ಲಿಯ ದಡದಲ್ಲಿ ಚರ್ಚಿಲ್ ಅನ್ನುವ ಪುಟ್ಟ ಊರಿದೆ. 2021ರ ಜನಗಣತಿಯಲ್ಲಿ ಅಲ್ಲಿದ್ದವರು 870 ಮಂದಿ. ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ. ಆದರೂ ಹಿಮಕರಡಿ ನೋಡಲು ದೇಶ ದೇಶಗಳಿಂದ ಜನ ಬರುತ್ತಾರೆ. ನಿಮಗೂ ಹೋಗುವ ಆಸೆ ಇದ್ದರೆ ಮೊದಲೇ ವಿಮಾನದ ದರ ಹುಡುಕಲು ಕೂರಬೇಡಿ. ಯಾವ ಪ್ರಾಣಿ ನೋಡಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ತಿಂಗಳು, ಖರ್ಚು, ಬಟ್ಟೆ ಎಲ್ಲವೂ ಅದನ್ನೇ ಅವಲಂಬಿಸಿವೆ.

ಹಿಮಕರಡಿಯೇ ಬೇಕು ಅಂದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಹೋಗಿ. ಕರಡಿಗಳು ಸೀಲ್‌ಗಳನ್ನು ಹಿಡಿಯುವುದು ಸಮುದ್ರದ ಮಂಜುಗಡ್ಡೆಯ ಮೇಲೆ. ಬೇಸಿಗೆಯಲ್ಲಿ ಗಡ್ಡೆ ಕರಗಿದರೆ ದಡಕ್ಕೆ ಬಂದು ತಿಂಗಳುಗಟ್ಟಲೆ ಹೆಚ್ಚುಕಮ್ಮಿ ಉಪವಾಸ ಇರುತ್ತವೆ. ನದಿಯ ಸಿಹಿನೀರು ಸೇರುವುದರಿಂದ ಚರ್ಚಿಲ್ ಬಳಿ ಕಡಲು ಬೇಗ ಹೆಪ್ಪುಗಟ್ಟುತ್ತದೆ. ಅದಕ್ಕೇ ಕರಡಿಗಳು ಅಲ್ಲಿ ಬಂದು ಕಾಯುತ್ತವೆ. ಈಗೀಗ ಗಡ್ಡೆ ಬೇಗ ಕರಗಿ ತಡವಾಗಿ ಕಟ್ಟುತ್ತಿದೆ. 1987ರಲ್ಲಿ ಈ ಭಾಗದಲ್ಲಿ ಸುಮಾರು 1,200 ಕರಡಿಗಳಿದ್ದವು, 2021ರ ಅಂದಾಜು 618. ಇಷ್ಟು ಕಷ್ಟದಲ್ಲಿರುವ ಪ್ರಾಣಿಯನ್ನು ನೋಡಲು ಹೋಗುವಾಗ, ದೂರ ಕಾಯ್ದುಕೊಳ್ಳುವ ಕಂಪನಿಯನ್ನೇ ಆರಿಸಿ. ಟಂಡ್ರಾದಲ್ಲಿ, ಅಂದರೆ ಮರಗಳಿಲ್ಲದ ಹಿಮಬಯಲಿನಲ್ಲಿ, ದೊಡ್ಡ ಚಕ್ರದ ಗಾಡಿಯಲ್ಲಿ ಸುತ್ತಿಸುತ್ತಾರೆ, ಕೆಳಗಿಳಿಯುವಂತಿಲ್ಲ. ಈ ವಾರಗಳಲ್ಲಿ ಖರ್ಚು ತುಂಬಾ ಜಾಸ್ತಿ, ರೂಮುಗಳು ಒಂದು ವರ್ಷ ಮೊದಲೇ ಭರ್ತಿಯಾಗುತ್ತವೆ.

ನನ್ನನ್ನು ಕೇಳಿದರೆ ನಮ್ಮವರಿಗೆ ಜುಲೈ–ಆಗಸ್ಟ್ ಒಳ್ಳೆಯದು. ಮಕ್ಕಳನ್ನು ನೋಡಲು ಅಮೆರಿಕಕ್ಕೋ ಕೆನಡಾಕ್ಕೋ ಹೋಗುವ ಅಪ್ಪ ಅಮ್ಮಂದಿರು ಆಗ ಹೇಗೂ ಅಲ್ಲೇ ಇರುತ್ತಾರೆ, ಅಲ್ವಾ? ಆ ತಿಂಗಳುಗಳಲ್ಲಿ ಚರ್ಚಿಲ್ ನದಿಯ ಬಾಯಿಗೆ ಸಾವಿರಾರು ಬೆಲುಗಾ ತಿಮಿಂಗಿಲಗಳು ಬರುತ್ತವೆ. ದೊಡ್ಡವು ಅಚ್ಚ ಬಿಳಿ, ಮರಿಗಳು ಬೂದು ಬಣ್ಣ. ಮರಿ ತಾಯಿಯ ಪಕ್ಕೆಗೆ ಅಂಟಿಕೊಂಡ ಹಾಗೆ ಈಜುತ್ತದೆ. ಬೆಲುಗಾದ ಕತ್ತಿನ ಮೂಳೆಗಳು ಬಿಡಿಬಿಡಿಯಾಗಿರುವುದರಿಂದ ಅದು ತಲೆ ಹೊರಳಿಸಿ ದೋಣಿಯತ್ತ ನೋಡಬಲ್ಲದು. ನೀರಿಗೆ ಮೈಕ್ ಇಳಿಬಿಡುವ ದೋಣಿ ಇದ್ದರೆ ಅದನ್ನೇ ಕೇಳಿ ಹತ್ತಿ, ಅವುಗಳ ಸಿಳ್ಳೆ, ಚಿಲಿಪಿಲಿ ಎಲ್ಲ ಕೇಳಿಸುತ್ತದೆ. ಅದೃಷ್ಟವಿದ್ದರೆ ದಡದಲ್ಲಿ ಕರಡಿಯೂ ಕಾಣುತ್ತದೆ. ಆದರೆ ಸೊಳ್ಳೆ ಕಾಟ ವಿಪರೀತ, ಮುಖದ ಬಲೆ ಬೇಕೇ ಬೇಕು.

ರಾತ್ರಿ ಆಕಾಶದಲ್ಲಿ ಬಣ್ಣಬಣ್ಣದ ಅರೋರಾ ಬೆಳಕು ನೋಡಬೇಕಿದ್ದರೆ ಫೆಬ್ರವರಿ–ಮಾರ್ಚ್. ಮೈನಸ್ 30 ಡಿಗ್ರಿ ಚಳಿ ತಡೆಯುವ ಶಕ್ತಿ ಇರಬೇಕು.

ತಿಂಗಳು ನಿಕ್ಕಿಯಾದ ಮೇಲೆ ಚರ್ಚಿಲ್‌ನ ರೂಮು ಹಿಡಿಯಿರಿ, ವೀಸಾ ಸಿಗದಿದ್ದರೆ ಹಣ ವಾಪಸ್ ಬರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಭಾರತೀಯರಿಗೆ ಅಮೆರಿಕದ ವೀಸಾ ಇದ್ದರೂ ಕೆನಡಾದ್ದು ಬೇರೆ ಬೇಕು. ಅದಕ್ಕೆ ಬೇಕಾದ ಬೆರಳಚ್ಚನ್ನು ಬೆಂಗಳೂರಿನಲ್ಲೇ ಕೊಡಬಹುದು.

ಚರ್ಚಿಲ್‌ಗೆ ದಾರಿ ಮ್ಯಾನಿಟೋಬಾದ ರಾಜಧಾನಿ ವಿನ್ನಿಪೆಗ್‌ನಿಂದ. ವಿಮಾನದಲ್ಲಿ ಎರಡೂವರೆ ಗಂಟೆ. ರೈಲಿನಲ್ಲಿ ಸುಮಾರು 1,700 ಕಿ.ಮೀ., ಎರಡು ರಾತ್ರಿ. ರೈಲು ಅಗ್ಗ, ಆದರೆ ಹೆಪ್ಪುಗಟ್ಟಿದ ನೆಲದ ಮೇಲಿನ ಹಳಿ, ನಿಧಾನ. 2017ರ ಪ್ರವಾಹದಲ್ಲಿ ಹಳಿ ಕೊಚ್ಚಿಹೋಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ರೈಲೇ ಇರಲಿಲ್ಲ.

ಒಂದು ದಪ್ಪ ಜಾಕೆಟ್ ನಂಬಿಕೊಂಡು ಹೋಗಬೇಡಿ. ಒಳಗೆ ಉಣ್ಣೆ, ಮೇಲೆ ಇನ್ನೊಂದು ಪದರ, ಹೊರಗೆ ಗಾಳಿ ತಡೆಯುವ ಕೋಟು. ಹತ್ತಿ ಬಟ್ಟೆ ಬೆವರು ಹೀರಿ ತಣ್ಣಗಾಗುತ್ತದೆ, ಬೇಡ. ಕ್ಯಾಮೆರಾ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಬೆಚ್ಚಗಿನ ಕೋಣೆಗೆ ಹೋಗುವ ಮೊದಲು ಕ್ಯಾಮೆರಾವನ್ನು ಗಾಳಿಯಾಡದ ಚೀಲಕ್ಕೆ ಹಾಕಿ, ಇಲ್ಲದಿದ್ದರೆ ಲೆನ್ಸಿನ ಮೇಲೆ ನೀರು ಕೂರುತ್ತದೆ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಜೊತೆಗಿಟ್ಟುಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಅದನ್ನು ಮುಚ್ಚಿಡದೆ ತೋರಿಸಿ.

ಊರಲ್ಲಿ ಸುಮ್ನೆ ಒಬ್ಬರೇ ಸುತ್ತಾಡಲು ಹೋಗಬೇಡಿ. ಎಚ್ಚರಿಕೆ ಫಲಕ ಇರುವ ಕಡಲ ದಡಕ್ಕಂತೂ ಕಾಲಿಡಲೇಬೇಡಿ. ಊರಿನ ಎಷ್ಟೋ ಜನ ಕಾರಿನ ಬಾಗಿಲಿಗೆ ಬೀಗ ಹಾಕುವುದಿಲ್ಲ. ದಾರಿಯಲ್ಲಿ ಯಾರಿಗಾದರೂ ಕರಡಿ ಎದುರಾದರೆ ಒಳಗೆ ನುಗ್ಗಲಿ ಅಂತ. ಊರಿಗೆ ಬಂದ ಕರಡಿಯನ್ನು ಕೊಲ್ಲದೆ ಹಿಡಿದಿಡಲು ಹಳೆಯ ವಿಮಾನ ಶೆಡ್ಡೊಂದರಲ್ಲಿ ವ್ಯವಸ್ಥೆಯೂ ಇದೆ.

ವಾಪಸ್ ಬರುವಾಗ ವಿನ್ನಿಪೆಗ್‌ನಲ್ಲಿ ಕನಿಷ್ಠ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಹಿಮಗಾಳಿ ಎದ್ದರೆ ಚರ್ಚಿಲ್‌ನಿಂದ ವಿಮಾನ ಹಾರುವುದಿಲ್ಲ.