ಮಳೆಗಾಲದ ಕಾರವಾರದಲ್ಲಿ ಒಂದು ಡಯಲ್-ಅಪ್ ಸಂಪರ್ಕ: ನನ್ನ ಅನುಭವ

ಟೆಲಿಫೋನ್ ಲೈನಿನ ಮೂಲಕ ಇಂಟರ್ನೆಟ್ಟಿಗೆ ಹೋಗುವ ಡಯಲ್-ಅಪ್ ಸಂಪರ್ಕ ಕಡಿದುಹೋದಾಗ ಪರದೆಯ ಮೇಲೆ ಮೂಡುವ ಸಂದೇಶದಿಂದ ದೋಷ ತಂತಿಯಲ್ಲಿದೆಯೋ, ಕಂಪ್ಯೂಟರನ್ನು ಆ ಲೈನಿಗೆ ಜೋಡಿಸುವ ಮೋಡೆಮ್‌ನಲ್ಲಿದೆಯೋ, ಕಂಪ್ಯೂಟರ್‌ನಲ್ಲಿದೆಯೋ ಎಂಬುದು ಹೆಚ್ಚಾಗಿ ತಿಳಿಯುವುದಿಲ್ಲ. 2001ರ ಮಳೆಗಾಲದಲ್ಲಿ ಕಾರವಾರದ ಬೈತಖೋಲ ಬಂದರಿನ ಸಮೀಪದ ಸಣ್ಣ ಕಚೇರಿಯೊಂದರ ಯಂತ್ರವನ್ನು ನಾನು ನೋಡಿಕೊಳ್ಳುತ್ತಿದ್ದೆ. 486 ಡಿಎಕ್ಸ್4 ಪ್ರೊಸೆಸರ್, ವಿಂಡೋಸ್ 98, ಸೀರಿಯಲ್ ಪೋರ್ಟಿಗೆ ಜೋಡಿಸಿದ 56ಕೆ ಎಕ್ಸ್‌ಟರ್ನಲ್ ಮೋಡೆಮ್ ಅಲ್ಲಿದ್ದವು. ಒಮ್ಮೊಮ್ಮೆ ಡಯಲ್ ಟೋನ್ ಇಲ್ಲವೆಂಬ 680ನೇ ಎರರ್ ಬರುತ್ತಿತ್ತು, ಒಮ್ಮೊಮ್ಮೆ ಸಂಪರ್ಕ ಸಿಕ್ಕ ಸ್ವಲ್ಪ ಹೊತ್ತಿಗೇ ಲೈನ್ ಬಿಟ್ಟುಹೋಗುತ್ತಿತ್ತು, ಲೈನ್ ಕಡಿಯದೆ ಉಳಿದಾಗಲೂ ಇಮೇಲ್‌ನ ಅಟ್ಯಾಚ್‌ಮೆಂಟ್ ಅರ್ಧಕ್ಕೇ ಸ್ತಬ್ಧವಾಗುತ್ತಿತ್ತು. ಇವೆಲ್ಲ ಒಂದೇ ರೋಗದ ಲಕ್ಷಣಗಳೆಂದು ಕಚೇರಿಯವರು ನಂಬಿದ್ದರು. ನಾನು ಪ್ರತಿಯೊಂದನ್ನೂ ಬೇರೆ ಬೇರೆಯಾಗಿಯೇ ಹುಡುಕಲು ನಿರ್ಧರಿಸಿದೆ.

ಮೊದಲ ಪರೀಕ್ಷೆಗೆ ಕಂಪ್ಯೂಟರ್ ಬೇಕಿರಲಿಲ್ಲ. ಮೋಡೆಮನ್ನು ಬಿಡಿಸಿ, ಅದೇ ಲೈನಿಗೆ ಸಾಧಾರಣ ಟೆಲಿಫೋನ್ ಹಚ್ಚಿ, ರಿಸೀವರ್ ಎತ್ತಿ, ಡಯಲ್ ಟೋನ್ ನಿಲ್ಲುವಂತೆ ಒಂದು ಅಂಕಿಯನ್ನು ಒತ್ತಿ, ಅನಂತರದ ನಿಶ್ಶಬ್ದಕ್ಕೆ ಕಿವಿಗೊಟ್ಟೆ. ಆರೋಗ್ಯವಂತ ಲೈನಿನಲ್ಲಿ ಆಗ ಬಹುತೇಕ ಏನೂ ಕೇಳಿಸಬಾರದು. ಇಲ್ಲಿ ಒಂದೇ ಸಮನೆ ಕರಕರ ಸದ್ದು ಬರುತ್ತಿತ್ತು, ಗಾಳಿ ಬೀಸಿದಾಗ ಅದು ಹೆಚ್ಚುತ್ತಿತ್ತು. ಹೊರಗಿನಿಂದ ಒಂದು ಕರೆ ಬಂದು ಗಂಟೆ ಬಾರಿಸಿದ ಮೇಲೆ ಕೆಲಹೊತ್ತು ಸದ್ದು ಕಡಿಮೆಯಾದದ್ದು ನನಗೆ ಮುಖ್ಯವಾದ ಸುಳಿವಾಯಿತು. ಸುಮ್ಮನಿರುವ ಲೈನಿನಲ್ಲಿ ಸುಮಾರು 48 ವೋಲ್ಟ್ ನೇರ ವಿದ್ಯುತ್ ಇರುತ್ತದೆ. ಗಂಟೆ ಬಾರಿಸುವಾಗ ಅದರ ಮೇಲೆ ಇನ್ನೂ ಹೆಚ್ಚಿನ ಪರ್ಯಾಯ ವಿದ್ಯುತ್ ಹರಿದು, ಕೆಟ್ಟ ಜೋಡಣೆಯ ಮೇಲಿನ ಆಕ್ಸೈಡ್ ಪದರವನ್ನು ತಾತ್ಕಾಲಿಕವಾಗಿ ಭೇದಿಸುತ್ತದೆ. ಅಂದರೆ ದೋಷ ಯಾವುದೋ ಜಾಯಿಂಟಿನಲ್ಲಿತ್ತು.

ಟೆಲಿಫೋನ್ ತಂತಿ ಬಂದು ಸೇರುವ ಗೋಡೆಯ ರೋಸೆಟ್ ಪೆಟ್ಟಿಗೆಯನ್ನು ಬಿಚ್ಚಿದಾಗ ಸ್ಕ್ರೂಗಳ ಸುತ್ತ ಹಸಿರು ಕಿಲುಬು ಗಟ್ಟಿಯಾಗಿ ಕೂತಿತ್ತು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಸಮುದ್ರದ ಉಪ್ಪುಗಾಳಿ ಸದಾ ಒಳನುಗ್ಗುವ ಊರಿನಲ್ಲಿ ತಾಮ್ರಕ್ಕೆ ಇದು ಸಹಜವಾಗಿ ಬರುವ ಗತಿ. ತಂತಿಯ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವಷ್ಟು ಸುಲಿದು, ಹೊಸ ಪೆಟ್ಟಿಗೆಗೆ ಬಿಗಿದೆ. ಕಂಬದಿಂದ ಬರುವ ತಂತಿ ಗೋಡೆಯನ್ನು ಹೊಕ್ಕುವ ಮೊದಲು ಕೆಳಕ್ಕೆ ಒಂದು ಬಳುಕು ಬರುವಂತೆ ಕಟ್ಟಿದ್ದರಿಂದ ನೀರು ಅಲ್ಲಿಯೇ ತೊಟ್ಟಿಕ್ಕಿ, ಪೆಟ್ಟಿಗೆಯವರೆಗೆ ಹರಿದು ಬರುವುದು ನಿಂತಿತು. ಕಂಬದ ಮೇಲಿನ ಜಾಯಿಂಟನ್ನು ಲೈನ್‌ಮನ್ ಬಂದು ಹೊಸದಾಗಿ ಮಾಡಿಕೊಟ್ಟರು. ಕರಕರ ಸದ್ದು ಬಹಳಷ್ಟು ಇಳಿಯಿತು.

ಇಷ್ಟಾದರೂ 680ನೇ ಎರರ್ ಆಗಾಗ ಕಾಣಿಸುತ್ತಲೇ ಇತ್ತು. ಮೋಡೆಮ್‌ಗೆ ನೇರವಾಗಿ ಆದೇಶ ಕೊಡಬಲ್ಲ ಹೈಪರ್‌ಟರ್ಮಿನಲ್ ತಂತ್ರಾಂಶ ತೆರೆದು ಎಟಿ ಎಂದು ಟೈಪ್ ಮಾಡಿದರೆ ಮೋಡೆಮ್ ತಕ್ಷಣ ಓಕೆ ಎನ್ನುತ್ತಿತ್ತು. ಕೇಬಲ್ಲು, ಪೋರ್ಟು, ಮೋಡೆಮ್ ಮೂರೂ ಜೀವಂತವಾಗಿವೆ ಎಂಬುದಕ್ಕೆ ಅಷ್ಟು ಸಾಕು. ಉಳಿದದ್ದು ಟೋನಿನ ಪ್ರಶ್ನೆ: ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ಗಳ ಮಿಶ್ರಣವಾಗಿದ್ದು, ನಮ್ಮದು 400 ಹರ್ಟ್ಸ್ ಆಧಾರಿತ. ಅಲ್ಲಿನ ಟೋನಿಗೆ ಹೊಂದಿಸಿದ ಮೋಡೆಮ್ ಇಲ್ಲಿನದನ್ನು ಗುರುತಿಸಲು ಕೆಲವೊಮ್ಮೆ ತಡವರಿಸುತ್ತದೆ. ಮೋಡೆಮ್‌ನ ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಜಾಗದಲ್ಲಿ ಎಕ್ಸ್3 ಎಂದು ಬರೆದ ಮೇಲೆ ಅದು ಟೋನಿಗಾಗಿ ಕಾಯದೆ ಡಯಲ್ ಮಾಡತೊಡಗಿತು, ಎಂಗೇಜ್ ಟೋನನ್ನು ಮಾತ್ರ ಮೊದಲಿನಂತೆಯೇ ಗುರುತಿಸುತ್ತಿತ್ತು.

ಮಳೆ ಜೋರಾದಾಗ ಲೈನ್ ಬಿಟ್ಟುಹೋಗುವುದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ವೇಗವನ್ನು ನಾನೇ ತಗ್ಗಿಸಿದ್ದು. ಮೋಡೆಮ್ ತನ್ನಷ್ಟಕ್ಕೆ ತಾನು ಅತಿ ಹೆಚ್ಚಿನ ವೇಗಕ್ಕೆ ಕೈಚಾಚುತ್ತದೆ. ಲೈನಿನಲ್ಲಿ ಗದ್ದಲ ಹೆಚ್ಚಿದಾಗ ಎದುರಿನ ಮೋಡೆಮ್‌ನೊಂದಿಗೆ ವೇಗ ಹೊಂದಿಸಿಕೊಳ್ಳುವ ಮಾತುಕತೆಯನ್ನು ಮೊದಲಿನಿಂದ ಆರಂಭಿಸುತ್ತದೆ, ಆ ಹೊತ್ತಿನಲ್ಲಿ ದತ್ತಾಂಶ ಹರಿಯುವುದೇ ಇಲ್ಲ. ಆ ಮೋಡೆಮ್‌ನಲ್ಲಿದ್ದ ರಾಕ್‌ವೆಲ್ ಚಿಪ್‌ಸೆಟ್ಟಿಗೆ +ಎಂಎಸ್=11,1,4800,26400 ಎಂದು ಬರೆದು, ಅದನ್ನು ವಿ.34 ಎಂಬ ಮೋಡೆಮ್ ಮಾನಕದ ಕ್ರಮದಲ್ಲಿ ಸೆಕೆಂಡಿಗೆ 26,400 ಬಿಟ್‌ಗೆ ಮಿತಗೊಳಿಸಿದೆ. ಬೇರೆ ಚಿಪ್‌ಸೆಟ್‌ಗಳಲ್ಲಿ ಈ ಆದೇಶದ ರೂಪ ಬೇರೆಯಿರುತ್ತದೆ, ಕೈಪಿಡಿಯನ್ನು ನೋಡಲೇಬೇಕು. ಒಂದು ಮೆಗಾಬೈಟ್ ಫೈಲಿಗೆ ಐದು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತಿತ್ತು, ಆದರೆ ಮತ್ತೆ ಮತ್ತೆ ಡಯಲ್ ಮಾಡುವ ಸಮಯವೂ ಕರೆಯ ಖರ್ಚೂ ಉಳಿಯಿತು. ಎಸ್10=50 ಎಂಬುದನ್ನೂ ಸೇರಿಸಿದ್ದರಿಂದ, ಎದುರಿನ ಸಂಕೇತ ಕ್ಷಣಕಾಲ ಮರೆಯಾದರೂ ಮೋಡೆಮ್ ಐದು ಸೆಕೆಂಡು ಕಾದು ನೋಡುತ್ತಿತ್ತು.

ಅಟ್ಯಾಚ್‌ಮೆಂಟ್ ಸ್ತಬ್ಧವಾಗುವುದಕ್ಕೆ ಮಾತ್ರ ಇದಾವುದರಿಂದಲೂ ಪರಿಹಾರ ಸಿಗಲಿಲ್ಲ. ವಿಂಡೋಸ್ 98ರ ಸಿಸ್ಟಮ್ ಮಾನಿಟರ್‌ನಲ್ಲಿ ಡಯಲ್-ಅಪ್ ಅಡಾಪ್ಟರ್‌ನ ಲೆಕ್ಕ ತೆರೆದಾಗ ಸಿಆರ್‌ಸಿ ದೋಷಗಳೂ (ದತ್ತಾಂಶ ಕೆಟ್ಟು ಬಂದದ್ದರ ಎಣಿಕೆ) ಓವರ್‌ರನ್‌ಗಳೂ (ಓದುವ ಮೊದಲೇ ಅಕ್ಷರ ಕಳೆದುಹೋದದ್ದರ ಎಣಿಕೆ) ಜೊತೆಜೊತೆಯಾಗಿ ಏರುತ್ತಿದ್ದವು. ಎರಡು ಮೋಡೆಮ್‌ಗಳ ನಡುವೆ ವಿ.42 ಎಂಬ ದೋಷ ತಿದ್ದುವ ಕ್ರಮ ಜಾರಿಯಲ್ಲಿದ್ದರೆ, ತಂತಿಯಲ್ಲಿ ಕೆಟ್ಟ ತುಣುಕನ್ನು ಅವೇ ಮತ್ತೆ ತರಿಸಿಕೊಂಡು ಸರಿಯಾದುದನ್ನಷ್ಟೇ ಕಂಪ್ಯೂಟರ್‌ಗೆ ಕೊಡುತ್ತವೆ. ಹಾಗಿದ್ದೂ ಈ ಲೆಕ್ಕ ಏರುತ್ತಿದ್ದರೆ, ಅಕ್ಷರಗಳು ಕಳೆದುಹೋಗುತ್ತಿರುವುದು ಮೋಡೆಮ್ ಮತ್ತು ಕಂಪ್ಯೂಟರ್ ನಡುವಿನ ಒಂದು ಮೊಳದ ಕೇಬಲಿನ ಕಂಪ್ಯೂಟರ್ ಕಡೆಯ ತುದಿಯಲ್ಲಿ.

ಮೋಡೆಮ್ಸ್‌ನ ಡಯಾಗ್ನಾಸ್ಟಿಕ್ಸ್ ಪುಟ ಮೋಡೆಮ್ ಜೋಡಿಸಿದ್ದ ಸೀರಿಯಲ್ ಪೋರ್ಟಿನ ಚಿಪ್ 16450 ಎಂದು ತೋರಿಸಿತು. 1,15,200 ಬಿಟ್ ವೇಗದಲ್ಲಿ ಸುಮಾರು 87 ಮೈಕ್ರೊಸೆಕೆಂಡಿಗೊಂದು ಅಕ್ಷರ ಬಂದು ಬೀಳುತ್ತದೆ; ಈ ಚಿಪ್ ಒಂದೇ ಅಕ್ಷರವನ್ನು ಹಿಡಿದಿಡಬಲ್ಲದು, ಪ್ರೊಸೆಸರ್ ಡಿಸ್ಕಿನ ಕೆಲಸದಲ್ಲಿ ಮಗ್ನವಾಗಿದ್ದರೆ ಮುಂದಿನದು ಹಿಂದಿನದನ್ನು ಅಳಿಸಿಬಿಡುತ್ತದೆ. ಪೋರ್ಟಿನ ವೇಗವನ್ನು 38,400ಕ್ಕೆ ಇಳಿಸಿದ ಕೂಡಲೇ ಓವರ್‌ರನ್‌ಗಳು ಬಹುತೇಕ ನಿಂತವು. ಆಮೇಲೆ 16 ಬೈಟ್‌ಗಳ ಸಂಗ್ರಹವಿರುವ 16550 ಚಿಪ್ಪಿನ, ಕಂಪ್ಯೂಟರ್ ಒಳಗಿನ ಐಎಸ್‌ಎ ಸ್ಲಾಟಿಗೆ ಕೂರುವ ಕಾರ್ಡ್ ತರಿಸಿ, ಹಳೆಯ ಕಾರ್ಡಿನ ಕಾಮ್1 ಪೋರ್ಟನ್ನು ಜಂಪರ್ ತೆಗೆದು ನಿಷ್ಕ್ರಿಯಗೊಳಿಸಿ, ಹೊಸದಕ್ಕೆ ಅದೇ ಐಆರ್‌ಕ್ಯೂ 4 (ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತದ ಸಂಖ್ಯೆ) ಕೊಟ್ಟು, ಪೋರ್ಟಿನ ವೇಗವನ್ನು ಮತ್ತೆ ಮೇಲಕ್ಕೇರಿಸಿದೆ. ಸಿಸ್ಟಮ್ ಮಾನಿಟರ್‌ನ ಆ ಎರಡೂ ಗೆರೆಗಳು ಸೊನ್ನೆಯಲ್ಲಿಯೇ ಉಳಿದವು, ಅಟ್ಯಾಚ್‌ಮೆಂಟ್‌ಗಳು ಪೂರ್ತಿ ಇಳಿಯತೊಡಗಿದವು.

ಗುಡುಗಿನ ಸಮಯದಲ್ಲಿ ಕರೆಂಟ್ ಪ್ಲಗ್ಗಿನ ಜೊತೆಗೆ ಟೆಲಿಫೋನ್ ತಂತಿಯನ್ನೂ ಮೋಡೆಮ್‌ನಿಂದ ಕಡ್ಡಾಯವಾಗಿ ಬಿಡಿಸುವಂತೆ ಕಚೇರಿಯವರಿಗೆ ಹೇಳಿದೆ, ಏಕೆಂದರೆ ಮೇ ಮತ್ತು ಅಕ್ಟೋಬರ್‌ನ ಸಿಡಿಲುಗಳು ಆ ದಾರಿಯಿಂದಲೂ ಒಳಬರುತ್ತವೆ.