ಟರ್ಬೊ ಫಡಫಡಿಸಿದಾಗ: ಬ್ಲೋ-ಆಫ್ ವಾಲ್ವ್ ಬದಲಿಸುವ ಮೊದಲು ನಾನು ನೋಡುವುದು

ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಪಾರಿವಾಳ ರೆಕ್ಕೆ ಬಡಿದಂಥ ಸದ್ದು ಬಂದರೆ ಎಲ್ಲರಿಗೂ ಮೊದಲು ಅನುಮಾನ ಬರುವುದು ಬ್ಲೋ-ಆಫ್ ವಾಲ್ವ್ ಮೇಲೆ, ಅಂದರೆ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ) ತಳ್ಳಿದ ಗಾಳಿ ಹೆಚ್ಚಾದಾಗ ಬಿಟ್ಟುಕೊಡುವ ವಾಲ್ವ್ ಮೇಲೆ. ನಾನು ವಾಲ್ವ್ ಮುಟ್ಟುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳುತ್ತೇನೆ: ಸದ್ದು ಬರುವುದು ಪೆಡಲ್ ಬಿಟ್ಟಾಗಲೋ, ಒತ್ತಿ ಹಿಡಿದಿದ್ದಾಗಲೋ? ಎರಡಕ್ಕೂ ಸರ್ಜ್ ಎಂದೇ ಹೆಸರು, ಆದರೆ ಕಾರಣ ಬೇರೆ, ಮದ್ದೂ ಬೇರೆ. ಪೆಡಲ್ ಒತ್ತಿದ್ದಾಗ ಬರುವ ಸರ್ಜ್ ಎಷ್ಟು ದುಬಾರಿ ವಾಲ್ವ್ ಹಾಕಿದರೂ ಹೋಗುವುದಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ವಾಲ್ವ್ ಮುಚ್ಚಿಕೊಂಡಿರುವುದೇ ಸರಿ.

ಮೊದಲು ಪೆಡಲ್ ಬಿಟ್ಟಾಗಿನದು. ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಮುಚ್ಚಿದರೂ ಟರ್ಬೊ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಗಾಳಿಗೆ ಮುಂದೆ ದಾರಿಯಿಲ್ಲ. ಹರಿವು ಕುಸಿಯುತ್ತದೆ, ಪೈಪಿನ ಒತ್ತಡ ಮಾತ್ರ ಹಾಗೇ ಇರುತ್ತದೆ. ಆ ಒತ್ತಡವನ್ನು ಟರ್ಬೊದ ಗಾಳಿ ತಳ್ಳುವ ಭಾಗವಾದ ಕಂಪ್ರೆಸರ್‌ನ ಬ್ಲೇಡ್‌ಗಳು ತಡೆಯಲಾರದೆ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಒತ್ತಡ ಸ್ವಲ್ಪ ಇಳಿದರೆ ಮತ್ತೆ ಮುಂದಕ್ಕೆ. ಹೀಗೆ ಸೆಕೆಂಡಿಗೆ ಹಲವು ಸಲ. ಇದೇ ಸರ್ಜ್. ವಾಲ್ವ್ ಈ ಗಾಳಿಯನ್ನು ಹೊರಗೋ ಟರ್ಬೊ ಬಾಯಿಗೋ ಬಿಡಬೇಕು, ಅದೂ ತಡವಿಲ್ಲದೆ.

ತಡವಾಗುವುದಕ್ಕೆ ನಾನು ಹೆಚ್ಚಾಗಿ ಕಂಡಿರುವ ಕಾರಣ ವಾಲ್ವ್ ಅಲ್ಲ, ಅದರ ತಲೆಗೆ ಹೋಗುವ ಸಣ್ಣ ಹೋಸ್. ಈ ಹೋಸ್ ಥ್ರಾಟಲ್ ದಾಟಿದ ಮೇಲೆ, ಇಂಟೇಕ್ ಮ್ಯಾನಿಫೋಲ್ಡ್‌ನಿಂದಲೇ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ), ತನ್ನದೇ ಕಿಂಡಿಯಿಂದ ಬರಬೇಕು. ಪೆಡಲ್ ಬಿಟ್ಟಾಗ ಅಲ್ಲಿ ಹುಟ್ಟುವ ನಿರ್ವಾತವೇ (ವ್ಯಾಕ್ಯೂಮ್) ವಾಲ್ವನ್ನು ಎಳೆದು ತೆರೆಯುವುದು. ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ತೋರಿಸುವ ಗೇಜ್, ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್‌ಗಳ ಜೊತೆ ಮೂರು ಬಾಯಿಯ ‘ಟೀ’ ಜೋಡಣೆ ಹಾಕಿ ಹಂಚಿಕೊಂಡಿದ್ದರೆ ಮೊದಲು ಬೇರ್ಪಡಿಸಿ. ಒಳವ್ಯಾಸ 4ರಿಂದ 6 ಎಂಎಂ, ಉದ್ದ ಆದಷ್ಟು ಕಡಿಮೆ. ತೆಳು ಗೋಡೆಯ ಸಿಲಿಕೋನ್ ಹೋಸ್ ನೋಡಲು ಚೆಂದ, ಆದರೆ ಬಿಸಿಯಾದಾಗ ವ್ಯಾಕ್ಯೂಮ್‌ಗೆ ಒಳಕ್ಕೆ ಕುಸಿದು ಅಂಟಿಕೊಳ್ಳುತ್ತದೆ. ತಣ್ಣಗಿದ್ದಾಗ ಸರಿ, ಅರ್ಧ ಗಂಟೆ ಓಡಿಸಿದ ಮೇಲೆ ಫಡಫಡ ಎನ್ನುವ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಇದೇ.

ಹೋಸ್ ಸರಿಯಿದ್ದರೆ ಕೈ ವ್ಯಾಕ್ಯೂಮ್ ಪಂಪ್. ವಾಲ್ವ್ ತಲೆಯ ನಳಿಗೆಗೆ ಜೋಡಿಸಿ 15ರಿಂದ 20 ಇಂಚು ಪಾದರಸದಷ್ಟು ಎಳೆಯಿರಿ. ವಾಲ್ವ್ ಒಳಗಿನ ಪಿಸ್ಟನ್ ಅಥವಾ ಡಯಾಫ್ರಂ (ರಬ್ಬರ್ ಪದರ) ತಡವರಿಸದೆ ಏಳಬೇಕು, ಡಯಾಫ್ರಂ ಆದರೆ ಒಂದು ನಿಮಿಷ ಹಾಗೇ ನಿಲ್ಲಬೇಕು. ಡಯಾಫ್ರಂ ವಾಲ್ವ್‌ನಲ್ಲಿ ಪಂಪಿನ ಗೇಜ್ ಮುಳ್ಳು ಬೇಗ ಇಳಿದರೆ ರಬ್ಬರ್ ಹರಿದಿದೆ. ಪಿಸ್ಟನ್ ಮಾದರಿಯಲ್ಲಿ ನಿಧಾನ ಇಳಿತ ಸಹಜ, ಅದರ ರೋಗ ಬೇರೆ: ಕ್ರ್ಯಾಂಕ್‌ಕೇಸ್‌ನಿಂದ (ಎಂಜಿನ್‌ನ ಕೆಳಗಿನ, ಎಣ್ಣೆ ಇರುವ ಭಾಗ) ಬರುವ ಎಣ್ಣೆಯ ಆವಿ ಗಟ್ಟಿಯಾಗಿ ಪಿಸ್ಟನ್ ಅಂಟುತ್ತದೆ. ಬಿಚ್ಚಿ, ತೊಳೆದು, ತಯಾರಕರು ಹೇಳಿದ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಹೆಚ್ಚು ಗ್ರೀಸ್ ಹಾಕಿದರೆ ದೂಳು ಸೇರಿ ಮತ್ತೆ ಅದೇ ಕಥೆ.

ವಾಲ್ವನ್ನು ಮುಚ್ಚಿಡುವ ಸ್ಪ್ರಿಂಗ್ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬಿಡಿಸಬೇಕು. ‘ಬೂಸ್ಟ್ ಜಾಸ್ತಿ ಮಾಡಿದೆ, ಆದ್ದರಿಂದ ಗಟ್ಟಿ ಸ್ಪ್ರಿಂಗ್ ಬೇಕು’ ಎನ್ನುತ್ತಾರೆ. ಪೂರ್ತಿ ಪೆಡಲ್ ಒತ್ತಿದಾಗ ವಾಲ್ವ್‌ನ ಕೆಳಗಿರುವಷ್ಟೇ ಒತ್ತಡ ಹೋಸ್ ಮೂಲಕ ಮೇಲೂ ಇರುತ್ತದೆ, ಹೀಗಾಗಿ ಬೂಸ್ಟನ್ನು ತಡೆಯುವ ಭಾರ ಸ್ಪ್ರಿಂಗ್ ಮೇಲೆ ಬೀಳುವುದಿಲ್ಲ. ಸ್ಪ್ರಿಂಗ್ ಆರಿಸಲು ಐಡಲ್‌ನಲ್ಲಿ (ಪೆಡಲ್ ಒತ್ತದೆ ಎಂಜಿನ್ ಓಡುವಾಗ) ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ ನೋಡಿ. ಆರೋಗ್ಯವಂತ ಪೆಟ್ರೋಲ್ ಎಂಜಿನ್‌ನಲ್ಲಿ ಅದು ಸುಮಾರು 18ರಿಂದ 21 ಇಂಚು. ದೊಡ್ಡ ಕ್ಯಾಮ್ (ಎಂಜಿನ್ ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿದ್ದರೆ, ಎತ್ತರದ ಊರಿನಲ್ಲಿದ್ದರೆ ಕಡಿಮೆ. ನಾನು ಹೊಂದಿಸುವ ಕ್ರಮ ಹೀಗೆ: ಸ್ಪ್ರಿಂಗ್ ಬಿಗಿಸುವ ಸ್ಕ್ರೂ ಪೂರ್ತಿ ಸಡಿಲ ಬಿಟ್ಟು ಶುರು ಮಾಡಿ, ಐಡಲ್‌ನಲ್ಲಿ ವಾಲ್ವ್ ಮುಚ್ಚುವವರೆಗೆ ಅರ್ಧ ಅರ್ಧ ಸುತ್ತು ಬಿಗಿ ಮಾಡುತ್ತೇನೆ. ಅಲ್ಲಿಂದಾಚೆ ಬಿಗಿ ಮಾಡಿದಷ್ಟೂ ವಾಲ್ವ್ ತೆರೆಯುವುದು ತಡ. ಐಡಲ್‌ನಲ್ಲಿ ಸ್ವಲ್ಪ ತೆರೆದಿರುವಂತೆಯೇ ವಿನ್ಯಾಸ ಮಾಡಿದ ವಾಲ್ವ್‌ಗಳೂ ಇವೆ, ಅವುಗಳಿಗೆ ಈ ಲೆಕ್ಕ ಅನ್ವಯಿಸದು. ಇನ್ನು, 0.2 ಬಾರ್ ಬೂಸ್ಟ್‌ನಲ್ಲಿ ಮೆಲ್ಲಗೆ ಪೆಡಲ್ ಬಿಟ್ಟಾಗ ಕೇಳುವ ಸಣ್ಣ ಫಡಫಡಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅಷ್ಟರಲ್ಲಿ ಬೇರಿಂಗ್‌ಗೆ ಏನೂ ಆಗದು.

ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಹಾಕಿದ ಮೇಲೆ ಗೇರ್ ಬದಲಿಸುವಾಗ ಕಪ್ಪು ಹೊಗೆ, ಸಿಗ್ನಲ್‌ನಲ್ಲಿ ನಿಲ್ಲಿಸಿದಾಗ ಎಂಜಿನ್ ಆಫ್ ಆಗುವುದು ಶುರುವಾದರೆ ವಾಲ್ವ್ ಕೆಟ್ಟಿಲ್ಲ. ಟರ್ಬೊಗಿಂತ ಮೊದಲೇ ಕುಳಿತ ಏರ್‌ಫ್ಲೋ ಸೆನ್ಸರ್ ಆ ಗಾಳಿಯನ್ನು ಆಗಲೇ ಎಣಿಸಿದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದಕ್ಕೆ ತಕ್ಕ ಪೆಟ್ರೋಲ್ ಸುರಿದಿದೆ, ಗಾಳಿ ಮಾತ್ರ ಆಚೆ ಹೋಗಿದೆ. ಅಂಥ ಗಾಡಿಯಲ್ಲಿ ಗಾಳಿಯನ್ನು ಸೆನ್ಸರ್ ಮತ್ತು ಟರ್ಬೊ ನಡುವಿನ ಪೈಪಿಗೆ ಮರಳಿಸುವುದೊಂದೇ ನೆಮ್ಮದಿಯ ದಾರಿ. ಸದ್ದಿನ ಆಸೆ ಬಿಡಬೇಕು. ಬರಿಯ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವುದು) ನಂಬಿದ ಗಾಡಿಗಳಿಗೆ ಈ ತೊಂದರೆ ಇಲ್ಲ.

ಸೋರಿಕೆ ಪರೀಕ್ಷೆಯಲ್ಲಿ ಒಳ್ಳೆಯ ವಾಲ್ವ್‌ಗಳು ಸುಮ್ಮನೆ ಕಸದ ಬುಟ್ಟಿ ಸೇರುತ್ತವೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಜಿನ್ ಆಫ್ ಮಾಡಿ, ಟರ್ಬೊ ಬಾಯಿಗೆ ಮುಚ್ಚಳ ಬಿಗಿದು, ಕ್ರ್ಯಾಂಕ್‌ಕೇಸ್ ಹೋಸ್ ಕಟ್ಟಿ, ರೆಗ್ಯುಲೇಟರ್ ಮೂಲಕ 0.3 ಬಾರ್‌ನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಮುಚ್ಚಳ ಹಾರಬಹುದು, ಅದರ ಎದುರು ನಿಲ್ಲಬೇಡಿ. ಎಲ್ಲ ಜಾಯಿಂಟ್‌ಗೂ ಸೋಪು ನೀರು. ಆದರೆ ಥ್ರಾಟಲ್ ಮುಚ್ಚಿದ್ದರೆ ಮ್ಯಾನಿಫೋಲ್ಡ್‌ಗೆ ಒತ್ತಡ ಸರಿಯಾಗಿ ತಲುಪದು, ವಾಲ್ವ್ ತಲೆಗೂ ತಲುಪದು. ಕೆಳಗಿನಿಂದ ಮಾತ್ರ ಒತ್ತಡ ಬಿದ್ದು ವಾಲ್ವ್ ತಾನಾಗಿ ತೆರೆಯುತ್ತದೆ, ‘ಸೋರುತ್ತಿದೆ’ ಎಂಬ ತೀರ್ಪು ಬೀಳುತ್ತದೆ. ಥ್ರಾಟಲ್ ತೆರೆದಿಡಿ, ಇಲ್ಲವೇ ಅದೇ ಗಾಳಿಯನ್ನು ಟೀ ಮೂಲಕ ವಾಲ್ವ್ ತಲೆಗೂ ಕೊಡಿ. ಆಗಲೂ ಗುಳ್ಳೆ ಬಂದರೆ ಸೀಲ್ ಹೋಗಿರುವುದು ನಿಜ. ಸೈಲೆನ್ಸರ್‌ನಿಂದ ಸ್ವಲ್ಪ ಹಿಸ್ ಬಂದರೆ ಗಾಬರಿ ಬೇಡ, ಯಾವುದೋ ಸಿಲಿಂಡರ್‌ನ ವಾಲ್ವ್‌ಗಳು ತೆರೆದಿರುತ್ತವೆ.

ವಿದ್ಯುತ್ ಚಾಲಿತ ಡೈವರ್ಟರ್ (ಗಾಳಿಯನ್ನು ಟರ್ಬೊ ಬಾಯಿಗೆ ಮರಳಿಸುವ ವಾಲ್ವ್) ಆದರೆ ಹೋಸ್ ಗೊಡವೆ ಇಲ್ಲ. ಬಿಚ್ಚಿ 12 ವೋಲ್ಟ್ ಕ್ಷಣಕಾಲ ಕೊಟ್ಟು ಚಲನೆ ನೋಡಿ, ಸೀಲ್ ಮತ್ತು ಪ್ಲಗ್ ಪಿನ್ ಪರಿಶೀಲಿಸಿ.

ಇನ್ನು ಪೆಡಲ್ ಒತ್ತಿದ್ದಾಗಿನ ಸರ್ಜ್. ಟರ್ಬೊ ಬೇರಿಂಗ್ ತಿನ್ನುವುದು ಇದೇ. ಎತ್ತರದ ಗೇರ್, 2000ದಿಂದ 3500 ಆರ್‌ಪಿಎಂ, ಪೂರ್ತಿ ಪೆಡಲ್: ಎಂಜಿನ್ ನುಂಗುವ ಗಾಳಿ ಕಡಿಮೆ, ಕೇಳುವ ಒತ್ತಡ ಹೆಚ್ಚು. ಗಾಳಿಯ ಹರಿವು ಮತ್ತು ಒತ್ತಡದ ಅನುಪಾತ ತೋರಿಸುವ ನಕ್ಷೆಯಾದ ಕಂಪ್ರೆಸರ್ ಮ್ಯಾಪ್‌ನಲ್ಲಿ, ಸರ್ಜ್ ಶುರುವಾಗುವ ಗೆರೆಯ ಎಡಕ್ಕೆ ಹೋಗಿಬಿಟ್ಟಿರುತ್ತೀರಿ. ಲಾಗ್‌ನಲ್ಲಿ (ಓಡುವಾಗ ದಾಖಲಿಸಿದ ಸೆನ್ಸರ್ ಅಳತೆಗಳು) ಬೂಸ್ಟ್ ಮತ್ತು ಏರ್‌ಫ್ಲೋ ಗೆರೆಗಳು ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತವೆ. ಅದೇ ಲಾಗ್‌ನಲ್ಲಿ ಥ್ರಾಟಲ್ ಕೋನವನ್ನೂ ಇಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವಲ್ಲಿ ಟಾರ್ಕ್ ಮಿತಿ ಮೀರಿದಾಗ ಇಸಿಯು ತಾನೇ ಥ್ರಾಟಲ್ ಅರ್ಧ ಮುಚ್ಚುತ್ತದೆ, ನಿಮ್ಮ ಕಾಲು ಮಾತ್ರ ಪೂರ್ತಿ ಒತ್ತಿರುತ್ತದೆ. ಹಾಗಿದ್ದರೆ ಸರಿಪಡಿಸಬೇಕಾದದ್ದು ಟ್ಯೂನ್, ಅಂದರೆ ಇಸಿಯು ಹೊಂದಿಕೆ.

ಥ್ರಾಟಲ್ ಪೂರ್ತಿ ತೆರೆದಿದ್ದರೆ ಏರ್ ಫಿಲ್ಟರ್ ಮತ್ತು ಅದರ ಪೈಪ್ ನೋಡಿ. 1 ಬಾರ್ ಬೂಸ್ಟ್ ಎಂದರೆ ನಿರಪೇಕ್ಷ ಒತ್ತಡ 2 ಬಾರ್. ಟರ್ಬೊ ಬಾಯಲ್ಲಿ 0.98 ಬಾರ್ ಇದ್ದರೆ ಎರಡರ ಅನುಪಾತ 2.04. ಫಿಲ್ಟರ್ ಕಟ್ಟಿಕೊಂಡು ಅದು 0.90ಕ್ಕೆ ಇಳಿದರೆ 2.22. ಬೂಸ್ಟ್ ಗೇಜ್ ಕದಲದಿದ್ದರೂ ಸರ್ಜ್ ಗೆರೆ ಹತ್ತಿರವಾಗುತ್ತದೆ. ಫಿಲ್ಟರ್ ಸ್ವಚ್ಛವಿದ್ದೂ ಬಂದರೆ ಕೆಳ ಆರ್‌ಪಿಎಂನ ಬೂಸ್ಟ್ ಗುರಿಯನ್ನು 0.1 ಬಾರ್‌ನಂತೆ ಇಳಿಸುತ್ತಾ, ಗೆರೆ ನೇರವಾಗುವವರೆಗೆ ಲಾಗ್ ಮಾಡುತ್ತೇನೆ. ಎಂಜಿನ್‌ಗೆ ಟರ್ಬೊ ದೊಡ್ಡದಾಗಿದ್ದರೆ ಆಂಟಿ-ಸರ್ಜ್ ಹೌಸಿಂಗ್ (ಸರ್ಜ್ ತಗ್ಗಿಸುವಂತೆ ಮಾಡಿದ ಕಂಪ್ರೆಸರ್ ಕವಚ) ಕೊಂಚ ಜಾಗ ಕೊಡುತ್ತದೆ, ಆದರೆ ತಪ್ಪು ಆಯ್ಕೆಯನ್ನು ಅದು ಪೂರ್ತಿ ಮುಚ್ಚಿಹಾಕದು.

ಈ ಬಗೆಯ ಸರ್ಜ್‌ನಲ್ಲಿ ಬಹಳ ದಿನ ಓಡಿದ ಗಾಡಿಯಾದರೆ ಎಂಜಿನ್ ತಣಿದ ಮೇಲೆ ಇನ್‌ಟೇಕ್ ಪೈಪ್ ಬಿಚ್ಚಿ ಕಂಪ್ರೆಸರ್ ಚಕ್ರ ಹಿಡಿದು ಅಲುಗಿಸಿ. ಅಡ್ಡಕ್ಕೆ ಸ್ವಲ್ಪ ಆಟ ಇರುತ್ತದೆ, ಅದು ಎಣ್ಣೆ ಪದರಕ್ಕೆ ಬಿಟ್ಟ ಜಾಗ. ಹಿಂದಕ್ಕೆ ಮುಂದಕ್ಕೆ ಎಳೆದಾಗ ಕೈಗೆ ಸ್ಪಷ್ಟವಾಗಿ ಆಟ ಸಿಕ್ಕರೆ, ಇಲ್ಲವೇ ಬ್ಲೇಡ್ ಅಂಚು ಹೌಸಿಂಗ್‌ಗೆ ಉಜ್ಜಿದ ಗುರುತು ಕಂಡರೆ, ಬೇರಿಂಗ್ ಸವೆದಿದೆ. ಟರ್ಬೊ ಇಳಿಸಿ ರಿಪೇರಿ ಮಾಡಿಸಿದ ಮೇಲೆಯೇ ಮತ್ತೆ ಬೂಸ್ಟ್ ಮುಟ್ಟಿ.